ಆರು ಹಿತ್ತಾಳೆ ಗುಂಡಿಗಳು

ಲುವೊ ಸುಫೆನ್‌ಳನ್ನು ತಕ್ಕಡಿಯಲ್ಲಿ ಕೂರಿಸಿದರೆ ನಲವತ್ತೈದು ಕಿಲೋ. ಅದರಲ್ಲಿ ಐದು ಕಿಲೋ ನಾಲಗೆ. ವಯಸ್ಸು ಅರವತ್ತೊಂದು. ಹಲ್ಲು ಮೂವತ್ತೊಂದು, ಎಲ್ಲವೂ ಸ್ವಂತದ್ದು. ಹಾನ್‌ಕೌ ಸಗಟು ಪೇಟೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಹೊಲಿಗೆ ಯಂತ್ರ ತುಳಿಯುತ್ತಿದ್ದ ಅವಳು, ಪಕ್ಕದ ಗುಂಡಿ ಅಂಗಡಿಯ ಶೆಂಗ್‌ನ ಬಳಿ ಅಗ್ಗದ ಪ್ಲಾಸ್ಟಿಕ್ ಗುಂಡಿ ಬಿಟ್ಟು ಬೇರೇನನ್ನೂ ಮುಟ್ಟಿದವಳಲ್ಲ.

ಹಾಗಾಗಿ ಒಂದು ನವೆಂಬರ್ ಬೆಳಿಗ್ಗೆ, ಎಳ್ಳಿನ ನೂಡಲ್ಸ್ ಬಟ್ಟಲನ್ನು ಕೈಯಲ್ಲೇ ಹಿಡಿದು ಬಂದು ಮೇಲಿನ ಕಪಾಟಿನತ್ತ ಗಲ್ಲ ಎತ್ತಿ ತೋರಿಸಿದಾಗ ಶೆಂಗ್‌ಗೆ ಗಾಬರಿಯೇ ಆಯಿತು.

"ಹಿತ್ತಾಳೇದು ಆರು ಕೊಡು. ದೊಡ್ಡವು. ದೂರದಿಂದ್ಲೇ ಕಣ್ಣಿಗೆ ಹೊಡೀಬೇಕು."

"ಏನಕ್ಕಾ, ಮದುವೆ ಗಿದುವೇನಾ?"

"ಹಾಯ್‌ನಿಂಗ್‌ನ ಹತ್ತಿ ಕೋಟಿಗೆ."

ಕಪಾಟಿಗೆ ಚಾಚಿದ್ದ ಕೈಯನ್ನು ಶೆಂಗ್ ಕೆಳಗಿಳಿಸಿದ. ಹಾಯ್‌ನಿಂಗ್ ಅವಳ ಮಗ, ವಕೀಲ. ಕಲ್ಲು ಕೊರೆವ ಧೂಳಿಗೆ ಶ್ವಾಸಕೋಶ ಕೆಟ್ಟ ಕೂಲಿಗಳ ಪರ ವಾದಿಸುತ್ತಿದ್ದವನನ್ನು ಜುಲೈಯಲ್ಲಿ ಪೊಲೀಸರು ಎತ್ತಿಕೊಂಡು ಹೋಗಿದ್ದರು. ಎಲ್ಲಿಟ್ಟಿದ್ದಾರೆಂದು ಯಾರೂ ಬಾಯಿಬಿಡಲಿಲ್ಲ. ಜಾಗ ಗೊತ್ತಿಲ್ಲದೆ ಅವನ ಪರ ವಕೀಲ ಭೇಟಿಗೆ ಅರ್ಜಿ ಹಾಕುವಂತಿಲ್ಲ. ಊರಾಚೆಯ ಬಂಧನ ಕೇಂದ್ರದ ಕಿಟಕಿಗೆ ಸುಫೆನ್ ಪ್ರತಿ ಮಂಗಳವಾರ ಬಟ್ಟೆ ಹೊತ್ತು ಹೋಗುತ್ತಿದ್ದಳು. "ಆ ಹೆಸರಿನವರು ಇಲ್ಲಿಲ್ಲ" ಎಂಬ ಮಾತಿನೊಂದಿಗೆ ಗಂಟು ವಾಪಸು ಬರುತ್ತಿತ್ತು.

"ಅಕ್ಕಾ, ಒಳಗೆ ಗುಂಡಿ, ಜಿಪ್ಪು, ಲಾಡಿ ಏನೂ ಬಿಡಲ್ಲ. ಇಡೀ ಪೇಟೆಗೇ ಗೊತ್ತು."

"ನಂಗೊಬ್ಬಳಿಗೆ ಗೊತ್ತಿಲ್ವಾ? ಬಾಯಿ ಮುಚ್ಚಿ ರೇಟು ಇಳಿಸು. ಮಂಗಳವಾರ ನಿನ್ನ ವ್ಯಾನೂ ಬೇಕು."

ಮಂಗಳವಾರ ಕಿಟಕಿಯ ಮುಂದೆ ಇಪ್ಪತ್ತು ಜನರ ಸಾಲಿತ್ತು; ಶೆಂಗ್ ಸುಫೆನ್‌ಳ ಬೆನ್ನಿಗೇ ನಿಂತಿದ್ದ. ಸುಫೆನ್ ಗುಂಡಿ ಮೇಲ್ಮುಖವಾಗುವಂತೆ ಮಡಚಿದ ಕೋಟನ್ನು ಒಳಗೆ ತೂರಿಸಿದಳು.

"ಕೆ ಹಾಯ್‌ನಿಂಗ್‌ಗೆ."

ಗುಮಾಸ್ತನ ಕಣ್ಣು ಗುಂಡಿಗಳಿಗೆ ಅಂಟಿತು. ದಿನಕ್ಕೆ ನೂರು ಸಲ ಹೇಳಿ ನಾಲಗೆಗೆ ರೂಢಿಯಾದ ಮಾತು ತಾನೇ ಉರುಳಿತು: "ಗುಂಡಿ ಕಿತ್ತು ತಗೊಂಡ್ ಬಾ. ಇದನ್ನ ಅವನಿಗೆ ಕೊಡೋಕಾಗಲ್ಲ."

"ಯಾರಿಗೆ?"

"ನಿನ್ನ ಮಗನಿಗಮ್ಮಾ, ಇನ್ಯಾರಿಗೆ..."

ಅಷ್ಟರಲ್ಲಿ ತಾನೇನಂದೆನೆಂದು ಅವನಿಗೇ ಹೊಳೆಯಿತು. ಕಿವಿ ಕೆಂಪಾಯಿತು.

"ಇಲ್ಲಿಲ್ಲದ ಮಗನ ಕೋಟಿಗೆ ಗುಂಡಿ ಇದ್ರೇನು, ಬಿಟ್ರೇನು ಸಾಹೇಬ್ರೇ?" ಎಂದಳು ಸುಫೆನ್, ಕೊನೆಯವನಿಗೂ ಕೇಳುವಂತೆ.

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಕೋಟನ್ನು ಎಳೆದುಕೊಂಡು ಹಲ್ಲಿನಿಂದಲೇ ದಾರ ಕಡಿದಳು. ಟಕ್, ಟಕ್ ಎಂದು ಆರು ಗುಂಡಿಗಳು ಅಂಗೈಗೆ ಬಿದ್ದವು. ಕೋಟನ್ನು ಮತ್ತೆ ತೂರಿಸಿದಳು.

"ಈಗ ಗುಂಡಿ ಇಲ್ಲ. ರಸೀದಿ ಬರಿ."

ಗುಮಾಸ್ತ ಕಿಟಕಿಯನ್ನೇ ಧಡಾರನೆ ಮುಚ್ಚಿದ. ಗಡಿಬಿಡಿಯಲ್ಲಿ ಕೋಟು ಒಳಗೇ ಉಳಿಯಿತು.

ಸುಫೆನ್ ಚೀಲದಿಂದ ಹಾಳೆ ತೆಗೆದು ತಾರೀಖು, ಗಂಟೆ, ಅವನಾಡಿದ ಮಾತು ಎಲ್ಲವನ್ನೂ ಬರೆದಳು. ಕೆಂಪು ಶಾಯಿಯ ಡಬ್ಬಿಯನ್ನೂ ತಂದಿದ್ದಳು. "ಕೇಳಿಸಿಕೊಂಡೋರು ಹೆಬ್ಬೆಟ್ಟು ಒತ್ತಿ." ತಾವರೆ ಗೆಡ್ಡೆ ಮಾರುವ ಹೆಂಗಸೊಬ್ಬಳು ಮೊದಲು ಒತ್ತಿದಳು. ಆಮೇಲೆ ನಾಲ್ವರು. ಶೆಂಗ್ ಅಷ್ಟರಲ್ಲಿ ಸಾಲಿನಿಂದ ಜಾರಿ ವ್ಯಾನಿನ ಟೈರು ಪರೀಕ್ಷಿಸುತ್ತಿದ್ದ.

"ಯಾಕೋ ಶೆಂಗ್, ಟೈರಿಗೆ ಶೀತ ಆಯ್ತಾ?"

"ಅಕ್ಕಾ, ಡಿಸೆಂಬರಿಗೆ ಅಂಗಡಿ ಲೈಸೆನ್ಸು ರಿನ್ಯೂ ಆಗ್ಬೇಕು..."

"ನಂದೂ ಡಿಸೆಂಬರಿಗೇ. ಎಡಗೈದು ಒತ್ತು, ಬಲಗೈ ವ್ಯಾಪಾರಕ್ಕಿರ್ಲಿ."

ಅವನು ಒತ್ತಿದ.

ಆ ಹಾಳೆಯನ್ನು ಲಗತ್ತಿಸಿ ವಕೀಲ ಅರ್ಜಿ ಹಾಕಿದ; ಹನ್ನೆರಡನೆಯ ದಿನ ಇಪ್ಪತ್ತು ನಿಮಿಷದ ಭೇಟಿ ಸಿಕ್ಕಿತು. ಗುಂಡಿಯಿಲ್ಲದ ಕೋಟನ್ನು ಎದೆಗವುಚಿಕೊಂಡು ಬಂದ ಹಾಯ್‌ನಿಂಗ್ ದಾರದ ತುದಿಗಳನ್ನು ತೋರಿಸಿ, "ಇದು ಅಮ್ಮನ ಹಲ್ಲೇ," ಎಂದು ನಕ್ಕನಂತೆ. ಏನನ್ನೂ ಒಪ್ಪಿಕೊಂಡಿಲ್ಲ, ಯಾವ ಕಾಗದಕ್ಕೂ ಸಹಿ ಹಾಕಿಲ್ಲ ಎಂದು ಹೇಳಿ ಕಳಿಸಿದ. ಕೊನೆಗೆ ಮುಚ್ಚಿದ ಬಾಗಿಲ ಹಿಂದೆ ವಿಚಾರಣೆ ನಡೆಸಿ ನಾಲ್ಕು ವರ್ಷ ಶಿಕ್ಷೆ ಕೊಟ್ಟರು. ಆ ದಿನ ನ್ಯಾಯಾಲಯದ ಮೆಟ್ಟಿಲ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತಿದ್ದ ಸುಫೆನ್‌ಳ ಕೋಟಿನಲ್ಲಿ ಆರು ಹಿತ್ತಾಳೆ ಗುಂಡಿಗಳು ಹೊಳೆಯುತ್ತಿದ್ದವು.

ಪೊಲೀಸರು ಗುಂಡಿ ಅಂಗಡಿಗೂ ಬಂದು, ಹೆಬ್ಬೆಟ್ಟು ಯಾರದೆಂದು ಕೇಳಿದರು. ಶೆಂಗ್ ತನ್ನದೇ ಎಂದ. ಲೈಸೆನ್ಸು ಐದು ತಿಂಗಳು ತಡವಾಯಿತು.

ಆ ಶೆಂಗ್ ನಾನೇ. ಕಿವಿಯಾರೆ ಕೇಳಿದ್ದನ್ನು ಕೇಳಿದೆನೆಂದು ಐವತ್ತೆರಡರ ವಯಸ್ಸಿನವರೆಗೆ ನಾನು ಎಲ್ಲೂ ಹೇಳಿದವನಲ್ಲ. ಹೇಳುವುದನ್ನು ಕಲಿತದ್ದು ಲುವೊ ಸುಫೆನ್‌ಳಿಂದ.