ಸೊಪ್ಪಿನವ್ವ ಕೇಳುತ್ತಿದ್ದಷ್ಟು ಬಲ

ಅಕ್ಟೋಬರ್ ಹನ್ನೆರಡು, ಶನಿವಾರ, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಈ ಪತ್ರಿಕೆಗೆಂದು ಬರೆಯಲು ಕೂತೆ. ಈಗಾಗಲೇ ಎರಡು ಸಲ ಎದ್ದು ಬಾಗಿಲ ತನಕ ಹೋಗಿ ಬಂದಿದ್ದೇನೆ.

ಅವಳ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಮೂವತ್ತು ವರ್ಷ ಹಿಪ್ಪುನೇರಳೆ ಸೊಪ್ಪು ಕಿತ್ತು ಕಿತ್ತು ಆದ ಸೀಳು. ಅದರೊಳಗೆ ಸೊಪ್ಪಿನ ಹಾಲು ಇಳಿದು ಕಪ್ಪಾಗಿತ್ತು. ಭಾನುವಾರ ಆರಾಧನೆಗೆ ಹೊರಡುವ ಮುಂಚೆ ಹುಣಸೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅವಳು ಕೈಮುಗಿದಾಗ ನನ್ನ ಕಣ್ಣು ಮೊದಲು ಆ ಕಪ್ಪು ಗೆರೆಯ ಮೇಲೇ ಹೋಗುತ್ತಿತ್ತು.

ಬೀದಿಯವರೆಲ್ಲ ಅವಳನ್ನು ಸೊಪ್ಪಿನವ್ವ ಎನ್ನುತ್ತಿದ್ದರು. ಚನ್ನಪಟ್ಟಣದ ಅಂಚಿನಲ್ಲಿ, ದೊಡ್ಡಮಳೂರಿಗೆ ಹೋಗುವ ದಾರಿಯಲ್ಲಿ ಅವಳ ಮನೆ. ಹಿಂದೆ ಒಂದು ತುಂಡು ಹಿಪ್ಪುನೇರಳೆ ತೋಟ. ಒಳಗೆ ರೇಷ್ಮೆಹುಳು ಸಾಕುವ ಕತ್ತಲೆ ಕೋಣೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮಿಷನ್ ಶಾಲೆಗೆ ಮೇಷ್ಟ್ರಾಗಿ ಬಂದ ನಾನು ಅವಳ ಮುಂಗೋಣೆಯಲ್ಲಿ ಎರಡು ವರ್ಷ ಏಳು ತಿಂಗಳು ಇದ್ದೆ.

ನನಗೆ ಎಲ್ಲವನ್ನೂ ಎಣಿಸಿ ದಿನಚರಿಯಲ್ಲಿ ಬರೆದಿಡುವ ಚಾಳಿ. ಬಂದ ಮೊದಲ ವಾರದಲ್ಲೇ ಅವಳ ಪ್ರಾರ್ಥನೆಗಳನ್ನು ಎಣಿಸಲು ಶುರುಮಾಡಿದೆ. ನಾನು ಬೆಳಗ್ಗೆ ಸಂಜೆ ಮೊಣಕಾಲೂರಿ ಕಾಲು ಗಂಟೆ ಪ್ರಾರ್ಥನೆ ಮಾಡುವವನು. ನಿರ್ಮಲ ಹೃದಯ, ಅಚಲ ನಂಬಿಕೆ, ಬಾಳಿನುದ್ದಕ್ಕೂ ಸತ್ಯದಲ್ಲಿ ನಡೆಯುವ ಶಕ್ತಿ, ಹೀಗೆ ದೊಡ್ಡದೊಡ್ಡದನ್ನೇ ಕೇಳುವವನು. ಅವಳು ಮೊಣಕಾಲೂರಿದ್ದನ್ನು ಮನೆಯಲ್ಲಿ ನಾನು ಕಾಣಲಿಲ್ಲ. ಸೊಪ್ಪು ತುಂಬಿದ ಬಿದಿರು ಮಂಕರಿಗೆ ಕೈ ಹಾಕಿದಾಗ, "ಇದ್ನ ಎತ್ತೋಗಂಟ ಬಲ ಕೊಡಪ್ಪಾ." ಬಾವಿಯ ಹತ್ತಿರ, "ಈ ಕೊಡ ಮ್ಯಾಕ್ ಬರೋಗಂಟ." ಆ ಒಂದು ಕೆಲಸ ಮುಗಿಯುವ ತನಕದ ಬಲ, ಅಷ್ಟೇ. ದಿನಕ್ಕೆ ಹದಿನಾಲ್ಕು, ಹದಿನೇಳು. ಹುಳು ಹಣ್ಣಾಗಿ ಗೂಡು ಕಟ್ಟುವ ವಾರದಲ್ಲಿ ಮೂವತ್ತರ ತನಕ.

ಪಕ್ಕದ ತೋಟದ ಗೌಡ್ತಿ ಬೇಲಿಯಾಚೆಯಿಂದ ಕೆಣಕುತ್ತಿದ್ದಳು. "ನಿನ್ ದೇವ್ರಿಗೆ ಬ್ಯಾರೆ ಕ್ಯಾಮೆ ಇಲ್ವೇನವ್ವಾ? ಗಳಿಗೆಗೊಂದ್ ಸಲ ಕೂಗ್ತೀಯಲ್ಲ!"

"ಅದ್ಕೇ ಒಸಿ ಒಸಿ ಕೇಳೋದು ಕಣವ್ವಾ. ಒಂದೇ ಸಲಕ್ಕೆ ಮೂಟೆಗಟ್ಲೆ ಕೊಟ್ಬುಟ್ರೆ ಹೊರೋರ್ಯಾರು?"

ಹೀಗೆ ಕೇಳುವುದನ್ನು ಎಲ್ಲಿ ಕಲಿತೆ ಎಂದು ಒಮ್ಮೆ ಕೇಳಿದೆ. ಸೊಪ್ಪು ಹೆಚ್ಚುತ್ತ, ತಲೆ ಎತ್ತದೆ ಹೇಳಿದಳು. ಧಾತು ವರ್ಷದ, ಅಂದರೆ ಸಾವಿರದ ಎಂಟುನೂರ ಎಪ್ಪತ್ತಾರರ ದೊಡ್ಡ ಬರದಲ್ಲಿ, ಅವಳಿಗೆ ಐದೋ ಆರೋ ವಯಸ್ಸು, ಕಾನಕಾನಹಳ್ಳಿ ಕಡೆಯಿಂದ ಜನ ಗಂಜಿ ಹುಡುಕಿಕೊಂಡು ನಡೆದು ಬರುತ್ತಿದ್ದಾಗ ಅವಳ ತಾಯಿ ದಾರಿಯಲ್ಲೇ ಬಿದ್ದುಹೋದಳಂತೆ. ಯಾರೋ ಒಬ್ಬ ಹೆಂಗಸು ಇವಳ ಕೈ ಹಿಡಿದಳಂತೆ. "ಬಲಗೈ ಮಣಿಕಟ್ನಾಗೆ ಚೇಳಿನ ಹಚ್ಚೆ ಇತ್ತು. ಕಿರುಬೆಳ್ಳು ಇರ್ನಿಲ್ಲ. 'ಆ ಮರ ಕಾಣ್ತಾ ಕೂಸೇ? ಅಲ್ಲಿಗಂಟ ನಡಿ' ಅನ್ನೋಳು. 'ಆ ಮರದಗಂಟ ಬಲ ಕೊಡಪ್ಪಾ' ಅಂತ ತಾನೂ ಕೇಳ್ಕೊಳೋಳು. ಮರ ಬಂದೇಟ್ಗೆ ಇನ್ನೊಂದ್ ಮರ ತೋರ್ಸೋಳು. ಮಿಷನ್ನೋರ ಗಂಜಿ ಮನೇಲಿ ನನ್ನ ಬುಟ್ಟು, ಆಮ್ಯಾಕೆ ಎಲ್ಲಿಗೋದ್ಳೋ." ಬೆಳೆಸಿದ್ದು ಮಿಷನ್ನಿನ ಅನಾಥಾಲಯ. ಅಲ್ಲಿ ಎಷ್ಟೋ ಪ್ರಾರ್ಥನೆ ಕಲಿಸಿದ್ದರು. ಇವಳ ನಾಲಗೆಯ ಮೇಲೆ ನಿಂತದ್ದು ಇದೊಂದೇ.

ಅವಳಿಗೆ ಒಂದು ಕಟ್ಟುನಿಟ್ಟಿತ್ತು: ಭಾನುವಾರ ಸೊಪ್ಪು ಕೀಳುವಂತಿಲ್ಲ. ಹುಳುವಿಗೆ ಭಾನುವಾರ ಗೊತ್ತಿಲ್ಲವಾದ್ದರಿಂದ ಅದರ ಮೇವನ್ನು ಶನಿವಾರವೇ ಕಿತ್ತು, ಕೋಣೆಯ ಮೂಲೆಯಲ್ಲಿ ಸಡಿಲವಾಗಿ ಹರಡಿ, ಮೇಲೆ ಒದ್ದೆ ಗೋಣಿ ಹೊದಿಸುತ್ತಿದ್ದಳು.

ನನ್ನ ಎರಡನೆಯ ವರ್ಷದ ಒಂದು ಶನಿವಾರ, ಸಭೆಯ ಒಬ್ಬ ಬಾಣಂತಿಗೆ ಜ್ವರ ಏರಿ ಸೊಪ್ಪಿನವ್ವನನ್ನು ಕರೆಸಿಕೊಂಡರು. ಹುಳುಗಳು ಮೂರನೆಯ ಸಲ ಪೊರೆ ಬಿಟ್ಟು ಗಬಗಬ ತಿನ್ನುತ್ತಿದ್ದ ಸಮಯ. ಹೊರಡುವಾಗ ನನಗೆ ಹೇಳಿದಳು: "ಮೇಷ್ಟ್ರೇ, ಗೋಣಿ ಒಣಗುದ್ರೆ ಒಸಿ ನೀರು ಚಿಮುಕ್ಸಿ. ಗೋಣಿಗೆ ಕಣಪ್ಪಾ, ಸೊಪ್ಪಿಗಲ್ಲ. ನಾಳೆ ಬೆಳಗಿನ ಮೇವು ನೀವೇ ಆಕ್ಬುಡಿ."

ಅಚ್ಚುಕಟ್ಟಿನ ಮನುಷ್ಯ ನಾನು! ಹರಡಿದ್ದ ಸೊಪ್ಪು ಅಂದಗೆಟ್ಟು ಕಂಡಿತು. ಒತ್ತಿ ಒತ್ತಿ ಒಂದೇ ಗುಡ್ಡೆ ಮಾಡಿದೆ. ಹೆಚ್ಚು ತಂಪಾಗಿರಲೆಂದು ಗಂಟೆಗೊಂದರಂತೆ ಮೂರು ಚೆಂಬು ನೀರನ್ನು ಸೊಪ್ಪಿಗೇ ಹೊಯ್ದು, ಹೊಯ್ದ ಹೊತ್ತನ್ನು ದಿನಚರಿಯಲ್ಲಿ ಬರೆದೆ. ಭಾನುವಾರ ಬೆಳಗ್ಗೆ ಗೋಣಿ ತೆಗೆದರೆ ಗುಡ್ಡೆ ಬಿಸಿಯಾಗಿ ಹಬೆಯಾಡುತ್ತಿತ್ತು. ಒಳಗಿನ ಸೊಪ್ಪು ಕಪ್ಪಾಗಿತ್ತು. ಅದನ್ನು ಗೊಬ್ಬರದ ಗುಂಡಿಗೆ ಎಸೆದು, ಹಸಿರಾಗಿ ಕಂಡದ್ದನ್ನು ಆರು ಗಂಟೆಗೆ ಸರಿಯಾಗಿ ಹುಳುಗಳಿಗೆ ಹಾಕಿದೆ. ಅದೂ ಒದ್ದೆಯಾಗಿತ್ತು, ಅದೂ ಬೆಚ್ಚಗಿತ್ತು.

ಮಧ್ಯಾಹ್ನ ಅವಳು ಬಂದವಳೇ ಮೂಲೆ ನೋಡಿದಳು. "ಸೊಪ್ಪು ಕಮ್ಮಿ ಆಯ್ತಲ್ಲಾ?"

"ಬಾಡಿತ್ತು, ತೆಗೆದೆ," ಎಂದೆ. ನಾನು ಹೇಳಿದ್ದು ಇಷ್ಟೇ.

ಅವಳು ಉಳಿದದ್ದನ್ನು ಕಣ್ಣಲ್ಲೇ ಅಳೆದಳು; ಸಂಜೆಯ ಮೇವಿಗೆ ಅದು ಸಾಲುವಂತಿರಲಿಲ್ಲ. ಆಮೇಲೆ ಮಂಕರಿ ಎತ್ತಿಕೊಂಡು ತೋಟಕ್ಕೆ ಹೋಗಿ, ಜನ್ಮದಲ್ಲಿ ಮೊದಲ ಸಲ, ಭಾನುವಾರ ಸೊಪ್ಪು ಕಿತ್ತಳು.

ಮಂಗಳವಾರದ ಹೊತ್ತಿಗೆ ಹುಳುಗಳು ಮೇವಿಗೆ ಬಾಯಿ ಹಾಕದೆ ಮೆತ್ತಗಾದವು. ಗುರುವಾರಕ್ಕೆ ನಲವತ್ತು ತಟ್ಟೆಗಳಲ್ಲಿ ಇಪ್ಪತ್ತಾರು ತಟ್ಟೆಯ ಹುಳುಗಳನ್ನು ಗುಂಡಿಗೆ ಸುರಿದಾಗಿತ್ತು. ಒಂದೊಂದು ತಟ್ಟೆಯನ್ನೂ ಅವಳೇ ಹೊತ್ತಳು, ಬಾಯಿ ಬಿಡದೆ. ರಾತ್ರಿ ಆ ದಿನದ ಪ್ರಾರ್ಥನೆಯ ಲೆಕ್ಕ ಬರೆದೆ. ಸೊನ್ನೆ. ಮರುದಿನವೂ ಸೊನ್ನೆ.

ಗೌಡ್ತಿ ಬಂದು, "ಯಾಕವ್ವಾ, ನಿನ್ ದೇವ್ರನ್ನ ಕೂಗೋದೇ ಬುಟ್ಬುಟ್ಟೆ?" ಎಂದಳು. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

"ಭಾನ್ವಾರ ಸೊಪ್ಪು ಕಿತ್ತೋಳು ನಾನು. ಅದ್ಕೇ ಹಿಂಗಾಯ್ತು. ಇನ್ ಯಾವ್ ಬಾಯ್ನಾಗೆ ಅವನ್ನ ಕೇಳ್ಳಿ?"

ಮುಂಗೋಣೆಯಲ್ಲಿ ನನಗೆ ಪ್ರತಿ ಅಕ್ಷರವೂ ಕೇಳಿಸಿತು. ಹುಳುಗಳು ಸತ್ತದ್ದು ನನ್ನಿಂದ. ಬಾಯಿ ಕಟ್ಟಿದ್ದು ಅವಳಿಗೆ.

ಆ ದಿನಗಳ ದಿನಚರಿ ನೋಡಿದರೆ ಈಗಲೂ ಕಾಲು ನಿಲ್ಲುವುದಿಲ್ಲ. ಶಾಲೆ ಬಿಟ್ಟ ಮೇಲೆ ದೊಡ್ಡಮಳೂರಿನ ದಾರಿಯಲ್ಲಿ ಹೋಗಿ ಬರುವುದು, ಮತ್ತೆ ಹೋಗುವುದು. ಒಂದು ಸಂಜೆ ನಾಲ್ಕು ಸಲ. ಕರಿಹಲಗೆಯ ಮೇಲೆ ಬರೆದ ಲೆಕ್ಕವನ್ನೇ ಮತ್ತೆ ಬರೆಯುವುದು. ಕಾಲು ಗಂಟೆಯ ನನ್ನ ಪ್ರಾರ್ಥನೆ ಮುಕ್ಕಾಲು ಗಂಟೆಯಾಯಿತು. ಸತ್ಯವಂತನಾಗುವ ಶಕ್ತಿ ಕೇಳಿದೆ, ಧೈರ್ಯ ಕೇಳಿದೆ, ಹೊಸ ಹೃದಯ ಕೇಳಿದೆ. ಆಮೆನ್ ಎಂದು ಎದ್ದು ಅವಳ ಮುಂದೆ ಹೋಗಿ, "ಅವ್ವಾ, ಉಪ್ಪು ಇದೆಯಾ?" ಎಂದು ಕೇಳಿ ವಾಪಸು ಬಂದೆ. ಹೀಗೆ ಎಂಟು ದಿನ. ಅವಳ ಲೆಕ್ಕದಲ್ಲಿ ಎಂಟು ಸೊನ್ನೆ.

ಮರುದಿನ, ಶುಕ್ರವಾರ ಬೆಳಗ್ಗೆ, ಅವಳು ಸೊಪ್ಪು ತುಂಬಿದ ಮಂಕರಿಯ ಮುಂದೆ ಸುಮ್ಮನೆ ಕೂತಿದ್ದಳು. ಉಳಿದ ಹುಳುಗಳಿಗೆ ಮೇವಿನ ಹೊತ್ತು ಮೀರುತ್ತಿತ್ತು. ಎರಡು ಸಲ ಕೈ ಹಾಕಿದಳು, ಎರಡು ಸಲವೂ ಎತ್ತಲಿಲ್ಲ. ನನ್ನ ಬಾಗಿಲಿಂದ ಅಲ್ಲಿಗೆ ಹನ್ನೊಂದು ಹೆಜ್ಜೆ. ನನಗೆ ಬೇರೇನೂ ಹೊಳೆಯಲಿಲ್ಲ. "ಅಪ್ಪಾ, ಆ ಮಂಕರಿಯ ತನಕ," ಎಂದೆ. ನಡೆದುಹೋದೆ. ಹೇಳಿಬಿಟ್ಟೆ: ಒತ್ತಿದ ಗುಡ್ಡೆ, ಮೂರು ಚೆಂಬು, ಹಬೆ, ಸುಳ್ಳು.

ಅವಳು ಮಂಕರಿಯಿಂದ ನನ್ನ ಕಡೆ ತಿರುಗಿದಳು.

"ಗೋಣಿಗೆ ಅಂದ್ನೋ, ಸೊಪ್ಪಿಗೆ ಅಂದ್ನೋ?"

"ಗೋಣಿಗೆ."

"ಮತ್ತೆ? ಊರ್ ಮಕ್ಳಿಗೆಲ್ಲ ಬುದ್ಧಿ ಹೇಳೋರು! ಗೋಣಿ ಯಾವ್ದು ಸೊಪ್ಪು ಯಾವ್ದು ತಿಳೀದೇ ಹೋಯ್ತಾ?" ದನಿ ಏರಿತು, ಗೌಡ್ತಿ ಬೇಲಿಗೆ ಬಂದು ನಿಂತಳು. "ಹುಳ ಹೋದ್ರೆ ಹೋಗ್ಲಿ, ಮುಂದ್ಲ ಸಲ ಸಾಕ್ತೀನಿ. ಎಂಟ್ ದಿನ ನನ್ನ ಮೂಗಿ ಮಾಡ್ಬುಟ್ರಲ್ಲಾ ಮೇಷ್ಟ್ರೇ!"

ಸೆರಗಿನಿಂದ ಮುಖ ಒರೆಸಿಕೊಂಡಳು. ಸೀಳುಗುರಿನ ಕೈ ಮಂಕರಿಯ ಅಂಚಿಗೆ ಹೋಯಿತು.

"ಇದ್ನ ಎತ್ತೋಗಂಟ, ಅಪ್ಪಾ."

ಅವತ್ತಿನ ಪುಟದಲ್ಲಿ ನಾನು ಬರೆದದ್ದು: ಒಂದು. ಸಂಜೆಯ ಹೊತ್ತಿಗೆ ಹತ್ತೊಂಬತ್ತಾಯಿತು. ನನ್ನ ಹೆಸರಿನ ಮುಂದೆಯೂ ಮೊದಲ ಸಲ ಒಂದು ಗೆರೆ ಹಾಕಿಕೊಂಡೆ. ಅವಳು ನನ್ನನ್ನು ಕ್ಷಮಿಸಿದಳು, ನಿಜ; ಆದರೆ ಹುಳುವಿನ ಕೋಣೆಯೊಳಕ್ಕೆ ಮತ್ತೆ ಯಾವತ್ತೂ ಬಿಡಲಿಲ್ಲ.

ಹೋದ ವರ್ಷ ಮಾಗಡಿಯ ಶಾಲೆಗೆ ನನಗೆ ವರ್ಗವಾಯಿತು. ಈ ವರ್ಷ ಆಷಾಢದಲ್ಲಿ ಅವಳು ಕಾಯಿಲೆ ಮಲಗಿದ್ದಾಳೆಂದು ಗೌಡ್ತಿ ಹೇಳಿಕಳಿಸಿದಳು. ನಾನು ತಲಪಿದಾಗ ಮಾತು ಕಮ್ಮಿಯಾಗಿತ್ತು. "ಈ ಮಗ್ಗುಲಿಗೆ ಹೊಳ್ಳೋಗಂಟ ಬಲ ಕೊಡಪ್ಪಾ," ಎಂದಳು. ನಾನೂ ಗೌಡ್ತಿಯೂ ಹೊರಳಿಸಿದೆವು. ಆ ದಿನದ ಲೆಕ್ಕ ನಾಲ್ಕು. ಮರುದಿನ ಬೆಳಗಿನದು ಒಂದು. ಅದನ್ನು ಅವಳು ಹೇಳಿದ್ದಲ್ಲ. ಅವಳ ತುಟಿ ಅಲುಗಿತು, ದನಿ ಬರಲಿಲ್ಲ. ಗೌಡ್ತಿ ಬಗ್ಗಿ, "ಅಲ್ಲಿಗಂಟ ಬಲ ಕೊಡಪ್ಪಾ ಇವಳ್ಗೆ," ಎಂದಳು. ಎಣಿಸಲೋ ಬೇಡವೋ ಎಂದು ಯೋಚಿಸಿ, ಎಣಿಸಿದೆ. ಅವಳ ಲೆಕ್ಕದಲ್ಲಿ ಅದೇ ಕೊನೆಯದು.

ಈಗ ಏಳೂ ಮುಕ್ಕಾಲು. ಶಾಲೆಗೆ ಹೊತ್ತಾಯಿತು, ಮನಸ್ಸು ಕೂತಲ್ಲಿ ಕೂರುತ್ತಿಲ್ಲ. ಹನ್ನೊಂದು ಹೆಜ್ಜೆ ನನ್ನನ್ನು ನಡೆಸಿದ ಆ ಮಾತು ಸೊಪ್ಪಿನವ್ವನದಾದರೂ, ಅವಳಿಗೆ ಅದನ್ನು ಕೊಟ್ಟವಳು ಇನ್ನೊಬ್ಬಳು. ಧಾತು ವರ್ಷದ ಬರದಲ್ಲಿ ಕಾನಕಾನಹಳ್ಳಿ ಕಡೆಯಿಂದ ಒಂದು ಹೆಣ್ಣುಕೂಸನ್ನು ಮರದಿಂದ ಮರಕ್ಕೆ ನಡೆಸಿ ತಂದವಳು. ಬಲಗೈ ಮಣಿಕಟ್ಟಿನಲ್ಲಿ ಚೇಳಿನ ಹಚ್ಚೆ, ಕಿರುಬೆರಳಿಲ್ಲ. ಅವಳು ಯಾವ ಊರಿನವಳು, ಯಾವ ದೇವರನ್ನು ಕೂಗುತ್ತಿದ್ದಳು, ಆಮೇಲೆ ಯಾವ ಮರದ ತನಕ ನಡೆದಳು, ನನಗೆ ಗೊತ್ತಿಲ್ಲ. ನಿಮ್ಮ ಮನೆಯ ಹಿರಿಯರು ಯಾರಾದರೂ ಅಂಥವಳ ಮಾತು ಆಡಿದ್ದರೆ, ಒಂದು ಸಾಲಾದರೂ ಸರಿ, ಈ ಪತ್ರಿಕೆಗೆ ಬರೆದು ತಿಳಿಸಿ. ದಿನಚರಿಯಲ್ಲಿ ಅವಳ ಹೆಸರಿಗೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.