ಯಮನವ್ವನ ಉಳ್ಳಾಗಡ್ಡಿ ಚಾಳು

ಯಮನವ್ವ ನನ್ನ ನೆಗೆಣ್ಣಿ, ಮೈದುನ ವೈಜನಾಥನ ಹೆಂಡತಿ. ನಮ್ಮ ಯಜಮಾನರು ಇಂಡಿ ತಾಲೂಕಿನ ಕಡೆಯಿಂದ ಬ್ಯಾಂಕಿನ ಜವಾನರಾಗಿ ನಾಸಿಕಕ್ಕೆ ಬಂದವರು, ಬೆನ್ನಿಗೇ ತಮ್ಮನನ್ನೂ ಕರೆಸಿಕೊಂಡರು. ಇಬ್ಬರೂ ಸೇರಿ ಸಟಾಣಾದ ಹತ್ತಿರ ಹೊಲ ಮಾಡಿದರು. ಈಗ ಇಬ್ಬರೂ ಇಲ್ಲ. ಬದುವಿನ ಆಚೆ ಆಕೆಯ ಹೊಲ, ಈಚೆ ನನ್ನದು. ಮಣ್ಣು ಒಂದೇ, ಬಾವಿಯೂ ಒಂದೇ.

ಆದರೂ ಒಳ್ಳೆಯದೆಲ್ಲ ಬದುವಿನ ಆಚೆಗೇ ಬೀಳುತ್ತದೆ. ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟು ಆಕೆ ಮಾರ್ಕೆಟ್ಟಿಗೆ ಹೋದರೆ ಹಮಾಲರೂ ನಕ್ಕು ಮಾತಾಡಿಸುತ್ತಾರೆ. ಉಳ್ಳಾಗಡ್ಡಿಯನ್ನು ಹೆಬ್ಬೆರಳಿನಿಂದ ಒತ್ತಿ, ಇದು ದೀಪಾವಳಿಯವರೆಗೆ ತಾಳುತ್ತದೆ, ಇದು ತಾಳುವುದಿಲ್ಲ ಎಂದರೆ ದಲ್ಲಾಳಿಯೂ ಒಪ್ಪುತ್ತಾನೆ. ಹಿರಿಯಳು ನಾನು. ನನ್ನನ್ನು ಮಾತ್ರ ಎಲ್ಲರೂ ಯಮನವ್ವನ ಅಕ್ಕ ಎನ್ನುತ್ತಾರೆ.

ಕಳೆದ ವರ್ಷ ಉಳ್ಳಾಗಡ್ಡಿ ಚಾಳಿನ ಸರಕಾರಿ ಅನುದಾನಕ್ಕೆ ಇಬ್ಬರೂ ಅರ್ಜಿ ಹಾಕಿದೆವು. ಬೆಳೆ ಕೆಡದಂತೆ ಕೂಡಿಡಲು ಕೆಳಗಿನಿಂದ, ಪಕ್ಕದಿಂದ ಗಾಳಿಯಾಡುವಂತೆ ಕಟ್ಟಿದ ಉದ್ದನೆಯ ಕೊಟ್ಟಿಗೆ ಅದು. ಲಾಟರಿಯಲ್ಲಿ ಆಕೆಯ ಹೆಸರು ಬಂತು, ನನ್ನದು ಬರಲಿಲ್ಲ. ಕಬ್ಬಿಣ, ತಗಡು ಎಲ್ಲ ಉದ್ರಿ ತಂದು ಆಕೆ ಚಾಳು ಎತ್ತಿಸಿದಳು. ಅನುದಾನ ಬಾರದಿದ್ದರೆ ತಗಡು ಬಿಚ್ಚಿ ಒಯ್ಯುವುದಾಗಿ ಅಂಗಡಿಯವನು ಮೊದಲೇ ಹೇಳಿದ್ದ. ನನ್ನ ಬೆಳೆ ತಾಡಪತ್ರಿಯ ಕೆಳಗೆ ಬೆವರುತ್ತ ಬಿದ್ದಿತ್ತು.

"ನಿನಗ ಅರಮನಿ ಆತು ಬಿಡವಾ, ನಮಗೆಲ್ಲಿ ಬರಬೇಕು," ಎಂದೆ.

"ನೀನೂ ಬಾರವಾ ಅಕ್ಕಾ ಅರಮನಿಗೆ, ಬಾಡಗಿ ಏನ್ ಕೇಳಂಗಿಲ್ಲ," ಎಂದು ನಕ್ಕಳು. ಆ ನಗೆಗೆ ನನಗೆ ಮತ್ತೂ ಉರಿಯಿತು.

ಕೃಷಿ ಸಹಾಯಕ ತುಕಾರಾಮ ಚಾಳು ನೋಡಲು ಅದರ ಪೂಜೆಯ ದಿನವೇ ಬಂದ. ಅರ್ಜಿದಾರರನ್ನು ಚಾಳಿನ ಮುಂದೆ ನಿಲ್ಲಿಸಿ ಫೋಟೋ ತೆಗೆದರೇ ಹಣ. ಆದರೆ ಹೊಸದರ ಮುಂದೆ ನಮ್ಮಂಥ ಗಂಡ ಸತ್ತವರು ನಿಲ್ಲುವ ಪದ್ಧತಿ ನಮ್ಮಲ್ಲಿಲ್ಲ. ಯಮನವ್ವ ಹಿಂದೆ ಸರಿದು ಸೊಸೆ ಸುಗುಣಾಳನ್ನು ಮುಂದೆ ದೂಡಿದಳು. ಹುಡುಗಿ ಹಸಿರು ಬಳೆ ತೊಟ್ಟು ನಿಂತಳು. ತುಕಾರಾಮ ಹೊಸಬ, ಆಕೆಯೇ ಅರ್ಜಿದಾರಳು ಎಂದುಕೊಂಡು ಫೋಟೋ ಹೊಡೆದುಕೊಂಡು ಹೋದ.

ಹದಿನೈದು ದಿನಕ್ಕೆ ಮೊಬೈಲಿಗೆ ಸುದ್ದಿ ಬಂತು: ಫೋಟೋದಲ್ಲಿರುವವರು ಅರ್ಜಿದಾರರಲ್ಲ, ಅರ್ಜಿ ತಡೆಹಿಡಿಯಲಾಗಿದೆ. ಸುಗುಣಾ ಓದಿ ಹೇಳಿದಾಗ ನನ್ನ ಒಳಗೆ ತಣ್ಣಗಾಯಿತು. ಇದ್ದದ್ದನ್ನೇ ಹೇಳುತ್ತೇನೆ.

ಹೊಸ ಫೋಟೋ ಕಳಿಸಲು ಕೊಟ್ಟಿದ್ದ ಗಡುವಿನ ಕೊನೆಯ ದಿನ ತುಕಾರಾಮ ಮತ್ತೆ ಬಂದ. ಅಂಗಡಿಯವನ ಟೆಂಪೋ ಆಗಲೇ ರಸ್ತೆಯಲ್ಲಿ ನಿಂತಿತ್ತು. ಯಮನವ್ವ ಚೀಲಗಳ ಹಿಂದಿನಿಂದ ಹೊರಗೆ ಬರಲೊಲ್ಲಳು.

"ಮಾವಶಿ, ಲವಕರ ಯಾ, ಜಲ್ದಿ ಬರ್ರಿ, ಸಂಜೀಗೆ ಬಂದ್ ಆಗ್ತದ," ಎಂದು ಅವನು ಮರಾಠಿಗೆ ತನಗೆ ಬಂದಷ್ಟು ಕನ್ನಡ ಬೆರೆಸಿ ಕೂಗಿದ.

"ಅಕ್ಕಾ, ನಾ ಮುಂದ ನಿಂತ್ರ ಉಳ್ಳಾಗಡ್ಡಿ ಕೊಳೀತಾವ," ಎಂದಳು ಆಕೆ ನನ್ನ ಕಡೆ ನೋಡಿ.

ಸುಮ್ಮನಿದ್ದರೆ ತಗಡು ಹೋಗುತ್ತಿತ್ತು. ಆದರೆ ಆ ಮಾತಿಗೆ ನನಗೆ ತಡೆಯಲಾಗಲಿಲ್ಲ. "ನನ್ನವು ತಾಡಪತ್ರಿ ಕೆಳಗ ಕೊಳೀಲಾಕ ಹತ್ಯಾವಲ್ಲ, ಅವುಗಳ ಮುಂದ ಯಾರ್ ನಿಂತಿದ್ರು? ಗಾಳಿ ಇಲ್ಲದಕ್ಕ ಕೊಳೀತಾವ! ದೇವ್ರು ಕೊಟ್ರ ನಿಂದ್ರಾಕ ಬರಂಗಿಲ್ಲೇನ? ನನಗರ ಕೊಟ್ಟಿದ್ರ ಓಡಿ ಹೋಗಿ ನಿಂದರ್ತಿದ್ದೆ!"

ಯಮನವ್ವ ನನ್ನನ್ನೇ ನೋಡಿದಳು. ಗಂಡನ ಅಂಗಿಯ ಗುಂಡಿ ಹಾಕಿಕೊಂಡಳು, ಬಂದು ನಟ್ಟನಡುವೆ ನಿಂತಳು. ತುಕಾರಾಮ ಮೊಬೈಲು ಎತ್ತಿದ, ಮತ್ತೆ ಇಳಿಸಿದ.

"ಮೋಠಿ ಮಾವಶಿ, ನೀವು ಜರಾ ಬಾಜೂಕ ಸರೀರಿ," ಎಂದ ನನಗೆ.

ನಾನು ಸರಿದೆ. ಫೋಟೋ ಆಯಿತು. ಟೆಂಪೋ ಖಾಲಿಯೇ ಹಿಂತಿರುಗಿತು.

"ಅಕ್ಕಾ, ನಿನ್ನ ಉಳ್ಳಾಗಡ್ಡಿ ಚಾಳಿನ ಈ ಕಡೆ ಖಣದಾಗ ಹಾಕು, ಜಾಗಾ ಐತಿ," ಎಂದಳು ಯಮನವ್ವ.

"ಬ್ಯಾಡ," ಎಂದೆ. ನನಗೆ ಬೇಕಾಗಿದ್ದದ್ದು ಆ ಜಾಗವಲ್ಲ. ಮೊಬೈಲಿನ ಫೋಟೋದಲ್ಲಿ ಆಕೆ ನಿಂತಿದ್ದಳಲ್ಲ, ನಡುವೆ, ತಲೆಯೆತ್ತಿ, ಆ ಜಾಗ.