ನಿಶ್ಚಯದ ಸೀರೆಯ ವಿಮಾನ

ನನ್ನ ಮದುವೆ ಮುರಿದ ಕಾಗದ ಅಪ್ಪನ ಹೆಸರಿಗೆ ಬಂದಿತ್ತು. ಬರೆದವನು ನನ್ನ ಸೋದರತ್ತೆಯ ಮಗ. ಎರಡು ವರ್ಷದ ಹಿಂದೆ ನಮ್ಮಿಬ್ಬರಿಗೆ ನಿಶ್ಚಯವಾಗಿತ್ತು. ಕಾಗದದಲ್ಲಿ ನನ್ನ ವಿಷಯಕ್ಕೆ ನಾಲ್ಕೇ ಸಾಲು. ಹಳ್ಳಿಯಲ್ಲಿ ಬೆಳೆದ ಹುಡುಗಿಗೆ ಕ್ಯಾಂಪಿನ ಜೀವನ ಒಗ್ಗುವುದಿಲ್ಲ, ಪುಣೆಯಲ್ಲಿ ಬೇರೆ ಕಡೆ ಮಾತಾಗಿದೆ, ಮಾಮಾ ದೊಡ್ಡ ಮನಸ್ಸು ಮಾಡಬೇಕು. ಉಳಿದ ಕಾಗದವೆಲ್ಲ ನಮ್ಮ ಮನೆಯ ಅಟ್ಟದ ಮೇಲಿದ್ದ ನೀಲಿ ಟ್ರಂಕಿನ ಬಗ್ಗೆ. ಅದಕ್ಕೆ ಇಲಿ ತಾಗಬಾರದು, ಬಿಸಿಲು ಬೀಳಬಾರದು, ಅದನ್ನು ಯಾರೂ ಬಿಚ್ಚಬಾರದು. ರಜೆಗೆ ಬಂದಾಗ ಒಯ್ಯುತ್ತೇನೆ ಎಂದು ಎರಡು ಸಲ ಬರೆದಿದ್ದ.

ಆಗ ನಾನು ಅಣ್ಣಿಗೇರಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿಯಾಗಿದ್ದೆ. ಮಕ್ಕಳು 'ಅಕ್ಕೋರ' ಎನ್ನುತ್ತಿದ್ದರು. ಊರಿನವರು ನನ್ನನ್ನು ಗುರುತಿಸುತ್ತಿದ್ದುದು ಮಾತ್ರ ವಿಮಾನ ರಿಪೇರಿಯವನಿಗೆ ಕೊಟ್ಟ ಹುಡುಗಿ ಎಂದು. ಆತ ಮಿಲಿಟರಿಯಲ್ಲಿ ವಿಮಾನಗಳ ಎಂಜಿನು ನೋಡಿಕೊಳ್ಳುವ ಕೆಲಸದಲ್ಲಿದ್ದ. ವಿದೇಶದಿಂದ ಬಂದ ಒಬ್ಬ ಅಧಿಕಾರಿಯಿಂದ ಆಟದ ವಿಮಾನದ ಸಾಮಾನು ಕೊಂಡಿದ್ದ. ಮುಷ್ಟಿಗಿಂತ ಸಣ್ಣ ಎಂಜಿನು, ಕೈಯಲ್ಲಿ ಹಿಡಿದು ನಡೆಸುವ ರೇಡಿಯೊ ಪೆಟ್ಟಿಗೆ, ಬಾಲ್ಸಾ ಎಂಬ ಹಗುರ ಕಟ್ಟಿಗೆಯ ತೆಳು ಹಲಗೆಗಳು. ನವಲಗುಂದದ ಅತ್ತೆಯ ಮನೆಯಲ್ಲಿ ಜಾಗ ಇರಲಿಲ್ಲ. ಅಂಟಿನ ವಾಸನೆ ಅತ್ತೆಗೆ ಆಗುತ್ತಿರಲಿಲ್ಲ. ಹಾಗಾಗಿ ರಜೆ ಬಂದರೆ ಆತ ನಮ್ಮ ಪಡಸಾಲೆಯಲ್ಲಿ ಕೂತು ಕಟ್ಟುತ್ತಿದ್ದ.

ಕಟ್ಟುತ್ತಿದ್ದ ಎಂದು ಬರೆದೆ. ನಿಜ ಹೇಳಬೇಕೆಂದರೆ ಕಟ್ಟಿದವಳು ನಾನು. ರೆಕ್ಕೆಯೊಳಗೆ ಪಕ್ಕೆಲುಬಿನಂತೆ ಸಾಲಾಗಿ ನಿಲ್ಲುವ ಇಪ್ಪತ್ತೆರಡು ತುಂಡುಗಳನ್ನು ಬ್ಲೇಡಿನಿಂದ ಕೊಯ್ದು, ಉಸುಕಿನ ಕಾಗದದಿಂದ ಉಜ್ಜಿ, ಒಂದರಂತೆ ಇನ್ನೊಂದು ಮಾಡಿದವಳು ನಾನು. ಆತ ರಜೆ ಮುಗಿಸಿ ಹೋದ ಮೇಲೂ ಸಂಜೆ ಶಾಲೆಯಿಂದ ಬಂದು ಉಜ್ಜುತ್ತಿದ್ದೆ. ಆತನ ಗೆಳೆಯರು ನೋಡಲು ಬಂದಾಗ, "ಇಕೀದೇನೂ ಇಲ್ಲರಿ, ಬರೇ ಅಂಟ ಹಚ್ಚತಾಳ" ಎಂದು ನಗುತ್ತಿದ್ದ. ನಾನೂ ನಗುತ್ತಿದ್ದೆ. ಒಮ್ಮೆ ರೇಡಿಯೊ ಪೆಟ್ಟಿಗೆಯನ್ನು ಕೈಗೆ ತಗೊಂಡೆ. ಕಸಿದುಕೊಂಡು, "ಇದು ಒಲಿ ಊದೂ ಕೊಳವಿ ಅಲ್ಲ" ಎಂದ. ಆಗಲೂ ನಕ್ಕೆ. ಕಾಗದ ಬಂದ ದಿನ ನನಗೆ ಮೊದಲು ನೆನಪಾದದ್ದು ಆ ನಗು. ಆತನ ಮೇಲಿನ ಸಿಟ್ಟಿಗಿಂತ ಮೊದಲು ನನ್ನ ಮೇಲೆ ಸಿಟ್ಟು ಬಂತು.

ಅವ್ವ ಅತ್ತಳು. ಅಪ್ಪ ಕಾಗದ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೊಲಕ್ಕೆ ಹೋದರು. ಅವರಿಬ್ಬರೂ ಇಲ್ಲದ ಹೊತ್ತಿನಲ್ಲಿ ನಾನು ಟ್ರಂಕು ಇಳಿಸಿ ಹಿತ್ತಲಿಗೆ ಎಳೆದೊಯ್ದೆ. ಮಸಾಲೆ ಅರೆಯುವ ಗುಂಡುಕಲ್ಲು ಕೈಯಲ್ಲಿತ್ತು. ಮುಚ್ಚಳ ತೆಗೆದಾಗ ಮೇಲೆಯೇ ರೆಕ್ಕೆಯ ಅಸ್ಥಿಪಂಜರ ಇತ್ತು. ಪ್ರತಿ ತುಂಡಿನ ಮೂಲೆಯಲ್ಲಿ ನಾನು ಪೆನ್ಸಿಲಿನಿಂದ ಬರೆದ ಅಂಕಿ. ಕಲ್ಲು ಎತ್ತಿದವಳು ಹಾಗೇ ನಿಂತೆ. ಒಡೆದರೆ ನನ್ನ ಕೆಲಸವೇ ಒಡೆಯುತ್ತದೆ, ಆತನದೇನು ಹೋಗುತ್ತದೆ? ಒಡೆಯದೆ ಕೊಟ್ಟರೆ ಇದಕ್ಕೆ ಎಂಜಿನು ಕೂರಿಸಿ ಹೊಸ ಹೆಂಡತಿಯ ಮುಂದೆ ಹಾರಿಸುತ್ತಾನೆ, ತಾನೇ ಕಟ್ಟಿದೆ ಎನ್ನುತ್ತಾನೆ. ಕಲ್ಲನ್ನು ಕೆಳಗಿಟ್ಟೆ. ಆಗಲೇ ನಿರ್ಧಾರ ಮಾಡಿದೆ: ಇದನ್ನು ನಾನು ಮುಗಿಸುತ್ತೇನೆ, ಮೊದಲು ನಾನು ಹಾರಿಸುತ್ತೇನೆ, ಆತ ನಿಂತು ನೋಡಬೇಕು.

ರೆಕ್ಕೆಗೆ ಹೊದಿಸಲು ತೆಳು ರೇಷ್ಮೆ ಬೇಕೆಂದು ಟ್ರಂಕಿನಲ್ಲಿದ್ದ ಇಂಗ್ಲಿಷ್ ಪುಸ್ತಿಕೆ ಹೇಳುತ್ತಿತ್ತು. ನನ್ನ ನಿಶ್ಚಯದ ಸೀರೆ ಮುಂಬೈಯಿಂದ ಆತನೇ ತಂದದ್ದು, ಉಸಿರು ಬಿಟ್ಟರೆ ಹಾರುವಂಥ ತೆಳು ರೇಷ್ಮೆ, ನಿಂಬೆಹಣ್ಣಿನ ಬಣ್ಣ. ಕತ್ತರಿ ತಗೊಂಡು ಮೊದಲು ಜರಿಯಂಚು ಬಿಡಿಸಿದೆ. ಅವ್ವ ಓಡಿ ಬಂದಳು.

"ಏನ್ ಮಾಡಾಕತ್ತೀಬೇ? ಸೀರಿ ತಿರುಗಿ ಕೊಡಬೇಕಲ್ಲ ಅವರಿಗೆ!"

"ಕೊಡ್ತೀನವ್ವ. ಮ್ಯಾಲಿಂದ ಕೊಡ್ತೀನಿ."

ಅವ್ವನಿಗೆ ಅರ್ಥವಾಗಲಿಲ್ಲ. ಬಟ್ಟೆಯನ್ನು ಒದ್ದೆ ಮಾಡಿ ರೆಕ್ಕೆಗೆ ಎಳೆದು ಅಂಟಿಸಬೇಕು, ಒಣಗಿದ ಮೇಲೆ ಡೋಪು ಎಂಬ ಘಾಟಿನ ದ್ರವ ಬಳಿಯಬೇಕು. ಒಣಗುತ್ತ ಅದು ಬಿಗಿಯುತ್ತದೆ. ಮೂರನೆಯ ಸಲ ಬಳಿದ ಮೇಲೆ ಬೆರಳಿಂದ ಬಡಿದರೆ ಹಲಗೆ ವಾದ್ಯದ ಹಾಗೆ ದನಿ ಬಂತು. ಆ ಘಾಟಿಗೆ ತಲೆ ಸಿಡಿಯುತ್ತಿದ್ದರೂ ಪಡಸಾಲೆಯಲ್ಲೇ ಕೂತು ಬಳಿದೆ. ನೋಡಲು ಬಂದ ಓಣಿಯ ಹೆಂಗಸರು ನನಗೆ ಬುದ್ಧಿ ಕೆಟ್ಟಿದೆ ಎಂದು ಹೇಳಿಕೊಂಡು ಹೋದರಂತೆ. ಹೇಳಿಕೊಳ್ಳಲಿ, ನವಲಗುಂದಕ್ಕೂ ಮುಟ್ಟಲಿ ಎಂದುಕೊಂಡೆ.

ಎಂಜಿನು ಮಾತ್ರ ನನ್ನ ಕೈಗೆ ಬಗ್ಗಲಿಲ್ಲ. ಸ್ಟೇಷನ್ ರೋಡಿನಲ್ಲಿ ಪಂಪ್‌ಸೆಟ್ಟು, ಹತ್ತಿಗೆ ಔಷಧ ಹೊಡೆಯುವ ಮಶೀನು ರಿಪೇರಿ ಮಾಡುವ ಒಬ್ಬರು ಕಾಕಾ ಇದ್ದರು. ಅವರ ಊರು ಯಮನೂರು. ಅಪ್ಪನ ಹಳೆಯ ಗೆಳೆಯರು. ಎಂಜಿನನ್ನು ಕೈಚೀಲದಿಂದ ತೆಗೆದು ಅವರ ಮುಂದಿಟ್ಟಾಗ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇದು ಎಂಜಿನ್ನೋ, ಮೂಗುತಿಯೋ? ಕಿಡಿ ಹಾರ್ಸೂ ಪ್ಲಗ್ ಎಲ್ಲೈತವ್ವಾ?"

"ಕಿಡಿ ಇಲ್ಲರಿ ಕಾಕಾ. ಒಳಗ ಒಂದ ತಂತಿ ಕೆಂಪಗ ಕಾಯ್ತೈತಿ. ಶುರು ಆಗೂತನ ಸೆಲ್ ಹಚ್ಚಬೇಕು. ಆಮ್ಯಾಲೆ ತನ್ನಷ್ಟಕ್ಕ ತಾನ ಉರೀತೈತಿ."

"ಎಣ್ಣಿ?"

"ಮೂರು ಪಾಲು ಮಿಥೈಲ್ ಆಲ್ಕೋಹಾಲು, ಒಂದು ಪಾಲು ಔಡಲೆಣ್ಣಿ."

"ಔಡಲೆಣ್ಣಿ ಕುಡದು ಓಡೂ ಎಂಜಿನ್ ಇದ ಮೊದಲು ನೋಡಿದ್ದು" ಎಂದು ಕಾಕಾ ನಕ್ಕರು.

ಆಲ್ಕೋಹಾಲನ್ನು ನಮ್ಮ ಶಾಲೆಯ ಪ್ರಯೋಗಶಾಲೆಗೆ ಸಾಮಾನು ಕೊಡುವ ಹುಬ್ಬಳ್ಳಿಯ ಅಂಗಡಿಯಿಂದ ತಂದಿದ್ದೆ. ಔಡಲೆಣ್ಣೆ ಮನೆಯಲ್ಲೇ ಇತ್ತು. ಕಾಕಾ ಎಂಜಿನನ್ನು ದಪ್ಪ ಹಲಗೆಗೆ ಬೋಲ್ಟು ಹಾಕಿ ಬಿಗಿದರು. ನಾನು ಎಂಜಿನಿನ ಮುಂದೆ ಕೂರಿಸಿದ ಪಂಖಾವನ್ನು ಬೆರಳಿಂದ ತಿರುವಿದೆ. ಹತ್ತು ಸಲ, ಇಪ್ಪತ್ತು ಸಲ. ಮೂರು ಸಂಜೆ ಅದು ಒಂದು ಸಲವೂ ಉಸಿರು ಹಿಡಿಯಲಿಲ್ಲ. ನಾಲ್ಕನೆಯ ಸಂಜೆ ಕಾಕಾ ಎಣ್ಣೆಯ ಹರಿವು ತಿದ್ದುವ ಸೂಜಿಯನ್ನು ಅರ್ಧ ಸುತ್ತು ಬಿಚ್ಚಿದರು. ನಾನು ತಿರುವಿದ ಕೂಡಲೇ ಅದು ಕಿರುಚಿಕೊಂಡು ಎದ್ದಿತು. ಬೆರಳು ಹಿಂದೆ ತಗೊಳ್ಳುವುದರೊಳಗೆ ಪಂಖಾ ತೋರುಬೆರಳನ್ನು ಎಲುಬಿನ ತನಕ ಸೀಳಿತ್ತು. ರಕ್ತ ಹಲಗೆಯ ಮೇಲೆ ಹನಿಯುತ್ತಿತ್ತು, ಕಾಕಾ ಅರಿವೆ ಹುಡುಕುತ್ತಿದ್ದರು, ನಾನು ಆ ಸದ್ದು ಕೇಳುತ್ತ ನಿಂತಿದ್ದೆ.

ಕಾಕಾ ಬೆರಳಿಗೆ ಕಟ್ಟುತ್ತ ಕೇಳಿದರು: "ಒಂದ ಮಾತು ಕೇಳ್ತೀನವ್ವ, ಸಿಟ್ಟಾಗಬ್ಯಾಡ. ಇದನ್ನ ಹಾರಸಾಕ ಮಾಡಾಕತ್ತೀಯೋ, ಅವನ್ನ ಉರಸಾಕ ಮಾಡಾಕತ್ತೀಯೋ?"

"ಉರಸಾಕರಿ" ಎಂದೆ.

ಅವರು ಕಟ್ಟಿನ ಗಂಟು ಬಿಗಿದರು. ಮರುದಿನ ವಿಮಾನದ ಮೂತಿ ಹಗುರವಾದರೆ ತೂಕಕ್ಕೆ ಬೇಕಾಗುತ್ತದೆ ಎಂದು ಹಳೆಯ ಬ್ಯಾಟರಿಯ ಸೀಸ ಕರಗಿಸಿ ಸಣ್ಣ ಬಿಲ್ಲೆ ಮಾಡಿ ಕಳಿಸಿದರು.

ಬೇಕಾಗಿಯೇ ಇತ್ತು. ರೆಕ್ಕೆಯ ಮುಂದಿನ ಅಂಚಿನಿಂದ ಮೂರರಲ್ಲಿ ಒಂದು ಪಾಲು ಹಿಂದೆ ಎರಡು ಬೆರಳ ಮೇಲೆ ವಿಮಾನವನ್ನು ಎತ್ತಿದರೆ ಅದು ಮಟ್ಟವಾಗಿ ನಿಲ್ಲಬೇಕು, ಬಾಲ ಇಳಿದರೆ ಹಾರಿದ ಕೂಡಲೇ ಬೀಳುತ್ತದೆ. ಬಾಲ ಇಳಿಯುತ್ತಿತ್ತು. ಸೀಸ ಇಟ್ಟ ಮೇಲೆ ಮಟ್ಟವಾಯಿತು. ರೇಡಿಯೊ ಎಷ್ಟು ದೂರ ಕೇಳುತ್ತದೆ ಎಂದು ನೋಡಬೇಕಿತ್ತು. ಕಾಗದ ಬಂದಾಗಿನಿಂದ ನನ್ನೊಡನೆ ಹೆಚ್ಚು ಮಾತಾಡದ ಅಪ್ಪ, ತಾವಾಗಿಯೇ ರೇಡಿಯೊ ಪೆಟ್ಟಿಗೆ ಹಿಡಿದುಕೊಂಡು ಓಣಿಯ ತುದಿಯ ತನಕ ನಡೆದರು, ಅಲ್ಲಿಂದ ಪೆಟ್ಟಿಗೆಯ ಕಡ್ಡಿ ಅಲುಗಿಸುತ್ತ "ಹೊಳ್ಳತೈತೇನಬೇ?" ಎಂದು ಕೂಗಿದರು. ಕಟ್ಟೆಯ ಮೇಲಿದ್ದ ವಿಮಾನದ ಬಾಲ ಎಡಕ್ಕೆ ಬಲಕ್ಕೆ ಹೊರಳುತ್ತಿತ್ತು. "ಹೊಳ್ಳತೈತ್ರಿ ಅಪ್ಪಾ!" ಎಂದು ನಾನೂ ಕೂಗಿದೆ.

ಆ ವರ್ಷ ಕಡಲೆ ಕಿತ್ತ ಮೇಲೆ ಅಪ್ಪ ಹೊಲದಲ್ಲಿ ಕಣ ಮಾಡಿದರು. ನೆಲ ಕೆತ್ತಿ, ನೀರು ಚಿಮುಕಿಸಿ, ಕಲ್ಲಿನ ಗುಂಡು ಉರುಳಿಸಿ, ಸಗಣಿ ಬಳಿಸಿದರು. ಎಲ್ಲರ ಕಣ ದುಂಡಗೆ ಇರುತ್ತದೆ. ನಮ್ಮದು ಉದ್ದಕ್ಕೆ ಹೊಲದ ಒಂದು ಬದುವಿನಿಂದ ಅರ್ಧ ಹೊಲದ ತನಕ ಹೋಗಿತ್ತು.

ಬಾಜು ಹೊಲದವರು ಕೇಳಿದರು: "ಇದೇನ್ರಿ, ಕಣ ಮಾಡೀರೋ ರಸ್ತಾ ಮಾಡೀರೋ?"

"ಕಡ್ಲಿ ಭಾಳ ಬಂದೈತ್ರಿ ಈ ಸಲ" ಎಂದರು ಅಪ್ಪ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ಆತನಿಗೆ ನಾನೇ ಕಾಗದ ಬರೆದೆ. ನಿಮ್ಮ ಸಾಮಾನು ಸಿದ್ಧವಿದೆ, ರವಿವಾರ ಮುಂಜಾನೆ ಬಂದು ಒಯ್ಯಿರಿ ಎಂದು. ಅಷ್ಟರಲ್ಲಿ ಪುಣೆಯ ಮದುವೆ ಮುಗಿದು ಆತ ರಜೆಯಲ್ಲಿ ನವಲಗುಂದಕ್ಕೆ ಬಂದಿದ್ದ. ಅತ್ತೆ, ಹೊಸ ಹೆಂಡತಿ ಇಬ್ಬರನ್ನೂ ಕರೆದುಕೊಂಡು ಬಸ್ಸಿನಿಂದ ಇಳಿದ. ಮನೆಯಲ್ಲಿ ಯಾರೂ ಇಲ್ಲ, ಎಲ್ಲರೂ ಹೊಲದಲ್ಲಿದ್ದಾರೆ ಎಂದು ಓಣಿಯವರು ಹೇಳಿ ಕಳಿಸಿದರು. ಹಾಗೆ ಹೇಳಲು ನಾನೇ ತಿಳಿಸಿದ್ದೆ.

ಕಣದ ತುದಿಯಲ್ಲಿ ನಿಂಬೆ ಬಣ್ಣದ ವಿಮಾನ ನಿಂತಿತ್ತು. ಆತ ದೂರದಿಂದಲೇ ನೋಡಿ ನಡಿಗೆ ನಿಧಾನ ಮಾಡಿದ. ಅತ್ತೆ ಸೀರೆಯ ಬಣ್ಣ ಗುರುತು ಹಿಡಿದರು. "ಅಯ್ಯ, ಇದು ನಿಶ್ಚೇದ ಸೀರಿ!" ಎಂದು ಎದೆಯ ಮೇಲೆ ಕೈ ಇಟ್ಟುಕೊಂಡರು.

"ಯಾರು ಮುಟ್ಟು ಅಂದ್ರು ನಿನಗ?" ಎಂದ ಆತ.

ಆತ ಮೊಣಕಾಲೂರಿ ಕೂತು ತಪ್ಪು ಹುಡುಕತೊಡಗಿದ. ರೆಕ್ಕೆ ಓರೆಯಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದ. ಬಾಲದ ಕೀಲು ಅಲುಗಿಸಿದ. ಬೋಲ್ಟು ಒಂದೊಂದೂ ತಿರುವಿ ನೋಡಿದ. ಏನೂ ಸಿಗದೆ ಎದ್ದು ನಿಂತಾಗ ಕತ್ತಿನ ನರ ಉಬ್ಬಿತ್ತು. ನಾಲ್ಕು ತಿಂಗಳಿನಿಂದ ಕಾದಿದ್ದು ನನಗೆ ಅಲ್ಲಿಯೇ ಅರ್ಧ ಸಿಕ್ಕಿತು.

"ಆತು, ಚಲೋ ಮಾಡೀದಿ. ಕೊಡಿಲ್ಲೆ ಪೆಟ್ಟಿಗಿ. ನಾ ಹಾರಸ್ತೀನಿ."

"ನೀ ನಿಂತ ನೋಡು" ಎಂದೆ. ಹುಟ್ಟಿದಾಗಿನಿಂದ ಆತನಿಗೆ 'ನೀವು' ಎನ್ನುತ್ತಿದ್ದವಳು ಅಂದು 'ನೀ' ಎಂದೆ. ಅತ್ತೆ ಬಾಯಿ ತೆರೆದರು, ಅಪ್ಪ ಅವರತ್ತ ನೋಡಿದರು, ಅವರು ಬಾಯಿ ಮುಚ್ಚಿದರು.

ಕಾಕಾ ಸೆಲ್ ಹಚ್ಚಿ, ಕಡ್ಡಿಯಿಂದ ಪಂಖಾ ತಿರುವಿದರು. ಎಂಜಿನು ಕಿರುಚಿತು. ಅಪ್ಪ ಬಾಲ ಹಿಡಿದಿದ್ದರು, ನಾನು ತಲೆಯಾಡಿಸಿದಾಗ ಬಿಟ್ಟರು. ವಿಮಾನ ಕಣದ ಮೇಲೆ ಓಡಿತು, ಒಂದು ಸಲ ಪುಟಿಯಿತು, ಆಮೇಲೆ ಗಾಲಿಯ ಕೆಳಗೆ ನೆಲ ಇರಲಿಲ್ಲ. ನನ್ನ ನಿಶ್ಚಯದ ಸೀರೆ ಬೇವಿನ ಗಿಡಕ್ಕಿಂತ ಮೇಲೆ ಹೋಯಿತು. ಬಿಸಿಲು ರೇಷ್ಮೆಯನ್ನು ದಾಟಿ ಬಂದು ಒಳಗಿನ ಇಪ್ಪತ್ತೆರಡು ತುಂಡುಗಳ ನೆರಳು ಕಾಣುತ್ತಿತ್ತು. ಎಡಕ್ಕೆ ತಿರುಗಿಸಿದೆ. ನನ್ನ ಕಡೆ ಮುಖ ಮಾಡಿ ಬರುವಾಗ ಎಡ ಬಲ ಅದಲುಬದಲಾಗುತ್ತದೆ ಎಂದು ಪುಸ್ತಿಕೆಯಲ್ಲಿ ಓದಿದ್ದೆ. ಓದಿದ್ದರೂ ಕೈ ತಪ್ಪಿತು, ವಿಮಾನ ಓಲಾಡಿ ಕೆಳಗೆ ಜಾರಿ ಮತ್ತೆ ಎದ್ದಿತು. ಆತನ ತಲೆಯ ಮೇಲೆಯೇ ಹಾದುಹೋಯಿತು. ಆತ ಬಗ್ಗಿದ. ಬೇಕೆಂದು ಮಾಡಿದ್ದಲ್ಲ, ಆದರೆ ಹಾಗೆಂದು ನಾನು ಇವತ್ತಿನ ತನಕ ಯಾರಿಗೂ ಹೇಳಿಲ್ಲ.

ಮೂರು ಸುತ್ತು ಹಾಕಿತು. ನಾಲ್ಕನೆಯ ಸುತ್ತಿನಲ್ಲಿ ಗಾಳಿ ಎದ್ದು ಅದನ್ನು ರೈಲು ಹಳಿಯ ಕಡೆಗೆ, ಹಳ್ಳದ ದಂಡೆಯ ಜಾಲಿ ಗಿಡಗಳ ಕಡೆಗೆ ನೂಕಿತು. ಅಷ್ಟರಲ್ಲಿ ಎಣ್ಣೆ ತೀರಿ ಎಂಜಿನು ನಿಂತಿತು. ಏಕಾಏಕಿ ಎಲ್ಲ ಕಡೆ ಸುಮ್ಮನಾಯಿತು.

"ಕೊಡಿಲ್ಲೆ ಅದನ್ನ!" ಆತ ಓಡಿ ಬಂದ. "ಗಿಡಕ್ಕ ಹೊಡೀತೈತಿ ಅದು! ನಾ ಇಳಸ್ತೀನಿ, ಕೊಡು!"

ಕೊಟ್ಟಿದ್ದರೆ ಇಳಿಸುತ್ತಿದ್ದ. ಅದರಲ್ಲಿ ನನಗೆ ಅಂದೂ ಅನುಮಾನವಿರಲಿಲ್ಲ. ಆತನಿಗೆ ಆ ಕೈಚಳಕ ಇತ್ತು. ಕೊಟ್ಟಿದ್ದರೆ ವಿಮಾನ ಉಳಿಯುತ್ತಿತ್ತು, ಉಳಿಸಿದವನು ಆತನಾಗುತ್ತಿದ್ದ. ಊರವರ ಬಾಯಲ್ಲಿ ಅದೇ ಉಳಿಯುತ್ತಿತ್ತು. ಆತ ಪೆಟ್ಟಿಗೆಗೆ ಕೈ ಹಾಕಿದ. ಅಪ್ಪ ನಡುವೆ ಬಂದು ನಿಂತರು. ನಾನು ಎರಡೂ ಕೈಯಿಂದ ಪೆಟ್ಟಿಗೆಯನ್ನು ಎದೆಗೆ ಒತ್ತಿ ಹಿಡಿದು ನೋಡುತ್ತಿದ್ದೆ. ವಿಮಾನ ನಿಧಾನವಾಗಿ ಇಳಿದು ಜಾಲಿ ಗಿಡಕ್ಕೆ ಹೋಗಿ ಹೊಡೆಯಿತು. ಮೊದಲು ರೆಕ್ಕೆ ಮಡಚಿತು, ಆಮೇಲೆ ಲಟ್ ಎಂಬ ಸಣ್ಣ ಸದ್ದು ಬಂತು.

ಆತ ನೆಲದ ಮೇಲೆ ಕೂತುಬಿಟ್ಟ. ಆ ಮುಖ ನೋಡಿ ನನಗೆ ಆದ ಸಂತೋಷವನ್ನು ಈಗಲೂ ಮುಚ್ಚಿಡಲಾರೆ. ಹೊಟ್ಟೆಯೊಳಗೆ ತಣ್ಣಗಾಯಿತು.

ಕಾಕಾ ಮತ್ತು ಅಪ್ಪ ಹೋಗಿ ತುಂಡು ಆರಿಸಿ ತಂದರು. ಎಂಜಿನಿಗೆ ಏನೂ ಆಗಿರಲಿಲ್ಲ. ಅದನ್ನೂ ರೇಡಿಯೊವನ್ನೂ ಗಾಲಿಗಳನ್ನೂ ಟ್ರಂಕಿನಲ್ಲಿ ಹಾಕಿ ಆತನ ಮುಂದಿಟ್ಟೆ. "ನಿಂದೆಲ್ಲ ಇದರಾಗ ಐತಿ. ಸೀರಿ ಗಿಡದಾಗ ಐತಿ. ಬೇಕಾದ್ರ ಹತ್ತಿ ತಗೋ" ಎಂದೆ. ಆತ ಟ್ರಂಕು ಎತ್ತಿಕೊಂಡು ರಸ್ತೆಯ ಕಡೆ ನಡೆದ. ಅತ್ತೆ ಶಾಪ ಹಾಕುತ್ತ ಹಿಂದೆ ಹೋದರು.

ಹೊಸ ಹೆಂಡತಿ ಒಂದು ಗಳಿಗೆ ಹಿಂದೆ ಉಳಿದಳು. ನನ್ನಷ್ಟೇ ವಯಸ್ಸು. ಹತ್ತಿರ ಬಂದು ಮರಾಠಿ ಬೆರೆತ ಕನ್ನಡದಲ್ಲಿ, "ಅಕ್ಕಾ, ಮೊದಲ ಮ್ಯಾಲ ಎದ್ದಾಗ ನಿಮಗ ಕಸಂ, ಹೆಂಗ ಅನಸ್ತು?" ಎಂದು ಕೇಳಿದಳು. ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದಳು, ಕಣ್ಣು ಹೊಳೆಯುತ್ತಿತ್ತು. ನಾನು ಮುಖ ತಿರುಗಿಸಿಕೊಂಡೆ. ಅವಳು ರಸ್ತೆಯ ಕಡೆ ನಡೆದಳು. ಆ ದಿನ ಮಾಡಿದ್ದರಲ್ಲಿ ಅದೊಂದು ಮಾತ್ರ ಸರಿಯಲ್ಲ ಎಂದು ಆಮೇಲೆ ಅನಿಸಿದೆ.

ಮರುವಾರ ಅಪ್ಪ ಅದೇ ಉದ್ದ ಕಣದ ಮೇಲೆ ಕಡಲೆ ಹಾಕಿ ಒಕ್ಕಿದರು. ಸೀರೆಯ ಚೂರು ಮಳೆಗಾಲದ ತನಕ ಜಾಲಿಗಿಡದಲ್ಲಿ ಆಡುತ್ತಿತ್ತು.

ಕೆಲವು ವರ್ಷಗಳ ಮೇಲೆ ಕುಂದಗೋಳದಲ್ಲಿ ನೆಂಟರ ಮದುವೆಯ ಪಂಕ್ತಿಯಲ್ಲಿ ಆತ ನನ್ನ ಎದುರು ಸಾಲಿನಲ್ಲಿ ಕೂತಿದ್ದ. ಬಾಜುವಿನವನಿಗೆ ನನ್ನನ್ನು ತೋರಿಸಿ, "ಇಕೀಗೆ ವಿಮಾನ ಕಟ್ಟೂದು ನಾನ ಕಲಿಸಿದ್ದೆ" ಎಂದ. ದನಿಯಲ್ಲಿ ಹೆಮ್ಮೆಯೂ ಇತ್ತು. ನಾನು ಅನ್ನ ಕಲೆಸುತ್ತಿದ್ದ ಕೈ ನಿಲ್ಲಿಸಿದೆ.

"ನೀ ಕಲಿಸಿಲ್ಲ" ಎಂದೆ, ಇಡೀ ಪಂಕ್ತಿಗೆ ಕೇಳುವ ಹಾಗೆ. "ಕಲಿಸಿದವರು ಪಂಪ್‌ಸೆಟ್ ರಿಪೇರಿ ಕಾಕಾ. ನೀ ಬರೇ ಟ್ರಂಕ್ ಹೊತ್ತೀದಿ."

ಬಡಿಸುವವರು ಸಾರಿನ ಬಕೆಟ್ಟು ಹಿಡಿದು ನಿಂತೇ ಇದ್ದರು. ನಾನು ಇನ್ನೊಂದು ಸೌಟು ಹಾಕಿಸಿಕೊಂಡು ಉಂಡೆ.